ಶ್ರುತಿಕವೆ ಹಿಡಿದ ಮೂವತ್ತು ವರ್ಷ

ಮೈಸೂರಿನಲ್ಲಿ ಓದು ಮುಗಿಸಿ ಮಲೆನಾಡಿನ ಒಂದು ಜಿಲ್ಲಾ ಕೇಂದ್ರದಲ್ಲಿ ಆಡಿಯಾಲಜಿಸ್ಟ್ ಆಗಿ ಸೇರಿದ ಮೊದಲ ವರ್ಷದ ಮಾತು. ಅಡಿಕೆ ತೋಟದ ಹಿರಿಯರೊಬ್ಬರು ತಮ್ಮ ಕಿವಿಯ ರಿಪೋರ್ಟನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ನಿಧಾನವಾಗಿ ಓದಿದರು. 'ರಿನ್ನೆ, ವೆಬರ್... ಇವರೆಲ್ಲ ನನ್ನ ಕಿವಿ ನೋಡಿದ ಡಾಕ್ಟರುಗಳೇನಮ್ಮಾ? ನನ್ನ ಹತ್ತಿರ ಯಾರೂ ಬರಲಿಲ್ಲವಲ್ಲ?' ಎಂದು ಕೇಳಿದರು. ಅಲ್ಲ ಯಜಮಾನ್ರೇ, ಅವು ಪರೀಕ್ಷೆಯ ಹೆಸರು ಅಂದೆ. 'ಹಾಗಾದರೆ ಆ ಪರೀಕ್ಷೆ ಏನು ಕೇಳ್ತು, ನನ್ನ ಕಿವಿ ಏನು ಹೇಳ್ತು?' ಅಂದರು.

ಆ ಪ್ರಶ್ನೆಗೆ ನನ್ನ ಹತ್ತಿರ ನೆಟ್ಟಗಿನ ಕನ್ನಡ ಉತ್ತರ ಇರಲಿಲ್ಲ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದ ವಿಷಯವೇ, ಆದರೂ ಬಾಯಿ ತಡವರಿಸಿತು. ಆಮೇಲೆ ಬಹಳ ವರ್ಷ ಈ ಹೆಸರುಗಳ ಬೆನ್ನು ಹತ್ತಿದೆ. ಹುಡುಕುತ್ತ ಹೋದಂತೆ ನನಗೆ ಒಂದು ಸಂಗತಿ ಗಟ್ಟಿಯಾಯಿತು. ಪ್ರತಿ ಪರೀಕ್ಷೆಯ ಹೆಸರಿನ ಹಿಂದೆ ಯಾರೋ ಒಬ್ಬರು ಯಾವುದೋ ಊರಿನಲ್ಲಿ ಕಿವಿಗೆ ಕೇಳಿದ ಒಂದೇ ಒಂದು ಪ್ರಶ್ನೆ ಇರುತ್ತದೆ. ಹೆಸರು ಮಾತ್ರ ನೆನಪಿಟ್ಟು ಪ್ರಶ್ನೆ ಮರೆತ ದಿನ ನಾವು ತಪ್ಪು ಮಾಡುತ್ತೇವೆ. ನಾನು ಮಾಡಿದ್ದೇನೆ, ಬೇರೆಯವರು ಮಾಡಿದ್ದನ್ನೂ ಕಂಡಿದ್ದೇನೆ. ಈ ಕಸುಬಿಗೆ ಬರುವ ಹುಡುಗ ಹುಡುಗಿಯರಿಗೆ, ಕಿವಿ ತೋರಿಸಲು ಬರುವ ಮನೆಯವರಿಗೆ, ನಾನು ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ.

1. ಮಿಷನ್ ಮುಟ್ಟುವ ಮೊದಲು ಕವೆ ಹಿಡಿಯಿರಿ

ಟ್ಯೂನಿಂಗ್ ಫೋರ್ಕಿಗೆ ನಮ್ಮ ಶಾಲೆಯ ವಿಜ್ಞಾನದ ಪುಸ್ತಕದಲ್ಲಿ 'ಶ್ರುತಿಕವೆ' ಅನ್ನುತ್ತಾರೆ. ಒಳ್ಳೆಯ ಹೆಸರು. ಎರಡಾಗಿ ಟಿಸಿಲೊಡೆದ ಕೊಂಬೆಗೆ ಕವೆ ಎನ್ನುವ ಯಾವ ಹಳ್ಳಿಯವರಿಗೂ ಅದರ ಆಕಾರ ಬಿಡಿಸಿ ಹೇಳಬೇಕಾಗಿಲ್ಲ. 1711ರಲ್ಲಿ ಇದನ್ನು ಮಾಡಿದವನು ವೈದ್ಯನಲ್ಲ. ಇಂಗ್ಲೆಂಡಿನ ಜಾನ್ ಶೋರ್ ಎಂಬ ತುತ್ತೂರಿ ವಾದಕ. ವಾದ್ಯಕ್ಕೆ ಶ್ರುತಿ ಕೂಡಿಸಿಕೊಳ್ಳಲು ಮಾಡಿಕೊಂಡ ಉಕ್ಕಿನ ತುಂಡು ನೂರಕ್ಕೂ ಹೆಚ್ಚು ವರ್ಷದ ನಂತರ ವೈದ್ಯರ ಜೇಬಿಗೆ ಬಂತು.

ಅದರ ಬೆಲೆ ನನಗೆ ಗೊತ್ತಾದದ್ದು ಒಬ್ಬ ಲಾರಿ ಚಾಲಕರಿಂದ. ಬೆಳಗ್ಗೆ ಏಳುವಾಗ ಎಡಗಿವಿ 'ಕಟ್ಟಿಕೊಂಡಿತ್ತು'. ನೆಗಡಿ ಇರಬೇಕು ಎಂದು ಅವರೂ ಅಂದುಕೊಂಡರು, ತೋರಿಸಿದ ಕಡೆಯೂ ಹಾಗೇ ಹೇಳಿ ಕಿವಿಗೆ ಹನಿ ಕೊಟ್ಟು ಕಳಿಸಿದ್ದರು. ನನ್ನ ಹತ್ತಿರ ಬರುವಾಗ ಐದು ವಾರ ಕಳೆದಿತ್ತು. ಕವೆಯನ್ನು ಮೊಣಕೈಗೆ ತಟ್ಟಿ ಹಣೆಯ ನಡುವೆ ಇಟ್ಟೆ. 'ಯಾವ ಕಡೆ ಕೇಳುತ್ತೆ ಅಣ್ಣಾ?' 'ಬಲಗಡೆ.'

ಇದೇ ವೆಬರ್ ಪರೀಕ್ಷೆ. ಮಾಡಲು ಅರ್ಧ ನಿಮಿಷ ಸಾಕು. ಮೇಣವೋ ಕಫವೋ ಕಿವಿಯ ದಾರಿಗೆ ಅಡ್ಡ ಕೂತಿದ್ದರೆ ಹಣೆಯ ಸದ್ದು ಕೆಟ್ಟ ಕಿವಿಯ ಕಡೆಗೇ ವಾಲುತ್ತದೆ. ಒಳಗಿವಿಯೋ ನರವೋ ಸೋತಿದ್ದರೆ ಒಳ್ಳೆಯ ಕಿವಿಯ ಕಡೆ ಓಡುತ್ತದೆ. ಅವರದು ಒಳ್ಳೆಯ ಕಡೆ ಓಡಿತು. ಅಂದರೆ ಅದು ಹಠಾತ್ತನೆ ಆದ ಒಳಗಿವಿಯ ಸೋಲು. ಮೊದಲ ಕೆಲವು ದಿನಗಳಲ್ಲಿ ಸ್ಟೆರಾಯ್ಡ್ ಔಷಧಿ ಶುರುಮಾಡಿದ್ದರೆ ಕಿವಿ ಮರಳಿ ಬರುವ ಅವಕಾಶ ಇರುತ್ತಿತ್ತು. ಐದು ವಾರ ತೀರಾ ತಡ. ಆ ಕಿವಿ ಮರಳಲಿಲ್ಲ. ಮೊದಲ ದಿನ ಯಾರಾದರೂ ಹಣೆಯ ಮೇಲೆ ಒಂದು ಕವೆ ಇಟ್ಟಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

2. ಹೆಸರು ಹೊತ್ತವರೇ ಎಲ್ಲವನ್ನೂ ಕಂಡವರಲ್ಲ

ಎರ್ನ್ಸ್ಟ್ ಹೈನ್ರಿಖ್ ವೆಬರ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅಂಗರಚನೆ, ಶರೀರಕ್ರಿಯೆಗಳ ಪ್ರಾಧ್ಯಾಪಕ. ಒಂದು ಕಿವಿಯನ್ನು ಬೆರಳಿಂದ ಮುಚ್ಚಿದರೆ ತಲೆಬುರುಡೆಯ ಮೇಲಿಟ್ಟ ಕವೆಯ ಸದ್ದು ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳುತ್ತದೆ ಎಂದು 1834ರಲ್ಲಿ ಲ್ಯಾಟಿನ್‌ನಲ್ಲಿ ಬರೆದ. ರೋಗ ಪತ್ತೆಯ ಯೋಚನೆ ಅವನಿಗೆ ಇರಲಿಲ್ಲ. ಇದೇ ಸಂಗತಿಯನ್ನು ಲಂಡನ್ನಿನ ಚಾರ್ಲ್ಸ್ ವೀಟ್‌ಸ್ಟನ್ 1827ರಲ್ಲೇ ಗಮನಿಸಿ ಬರೆದಿದ್ದ. ರೋಗಿಯ ಕಿವಿಗೆ ಇದು ಉಪಯೋಗಕ್ಕೆ ಬರುತ್ತದೆ ಎಂದು ವಿವರವಾಗಿ ತೋರಿಸಿದವನು ಡ್ರೆಸ್ಡೆನ್ನಿನ ಕಿವಿ ವೈದ್ಯ ಎಡುವಾರ್ಡ್ ಶ್ಮಾಲ್ಟ್ಸ್, 1845ರಲ್ಲಿ. ಇವತ್ತು ಶ್ಮಾಲ್ಟ್ಸ್‌ನ ಹೆಸರು ಯಾರ ಬಾಯಲ್ಲೂ ಇಲ್ಲ.

ರಿನ್ನೆಯ ಕಥೆ ನನ್ನನ್ನು ಇನ್ನೂ ತಟ್ಟುತ್ತದೆ. ಗೊಟ್ಟಿಂಗೆನ್‌ನ ವೈದ್ಯ ಹೈನ್ರಿಖ್ ಅಡಾಲ್ಫ್ ರಿನ್ನೆ 1855ರಲ್ಲಿ ತನ್ನ ಪರೀಕ್ಷೆಯನ್ನು ಬರೆದ. ಯಾರೂ ಕಿವಿಗೊಡಲಿಲ್ಲ. ಅವನು ಮನೋರೋಗಿಗಳ ಚಿಕಿತ್ಸೆಯ ಕಡೆಗೆ ಹೊರಳಿದ, 1868ರಲ್ಲಿ ತೀರಿಕೊಂಡ. ಆಮೇಲೆ ಬರ್ಲಿನ್ನಿನ ಲೂಕೆ ಆ ಬರಹವನ್ನು ಹೊರತೆಗೆದು ಪರೀಕ್ಷೆಯನ್ನು ಪ್ರಚಾರಕ್ಕೆ ತಂದ. ಇಂದು ಪ್ರಪಂಚದ ಯಾವ ವೈದ್ಯಕೀಯ ಕಾಲೇಜಿನಲ್ಲೂ ರಿನ್ನೆಯ ಹೆಸರು ಹೇಳದೆ ಕಿವಿಯ ಪಾಠ ಮುಗಿಯುವುದಿಲ್ಲ. ಅದನ್ನು ನೋಡಲು ಅವನೇ ಇರಲಿಲ್ಲ.

ಇವರೆಲ್ಲರಿಗಿಂತ ಹಿಂದಿನವರೂ ಇದ್ದಾರೆ. ಹಲ್ಲಿನಲ್ಲಿ ಕಡ್ಡಿ ಕಚ್ಚಿ ಹಿಡಿದರೆ ಅದರ ಮೂಲಕ ಸದ್ದು ಕೇಳುತ್ತದೆ ಎಂದು ಇಟಲಿಯ ಕಾರ್ಡಾನೊ 16ನೇ ಶತಮಾನದಲ್ಲೇ ಬರೆದಿದ್ದ. ಪಡುವಾದ ವೈದ್ಯ ಕಾಪಿವಾಚಿ ಅದನ್ನು ಪರೀಕ್ಷೆಯಾಗಿ ಮಾಡಿಕೊಂಡ. ಕಬ್ಬಿಣದ ಸರಳಿನ ಒಂದು ತುದಿ ರೋಗಿಯ ಹಲ್ಲಿನ ನಡುವೆ, ಇನ್ನೊಂದು ತುದಿ ತಂತಿವಾದ್ಯದ ಮೇಲೆ. ಕೇಳಿದರೆ ತೊಂದರೆ ಕಿವಿಯ ತಮಟೆಯ ಕಡೆ, ಕೇಳದಿದ್ದರೆ ನರದ ಕಡೆ. ಇಂದು ಸೌಂಡ್‌ಪ್ರೂಫ್ ಕೋಣೆಯಲ್ಲಿ ಕೂತು ನಾವು ಕೇಳುವುದೂ ಅದೇ ಪ್ರಶ್ನೆ.

ಮೂಳೆಯ ಮೂಲಕ ಕೇಳುವುದು ಎಂದರೇನು ಎಂದು ರೋಗಿಗೆ ಹೇಳಲು ನಾನು ಚಕ್ಕುಲಿಯ ಉದಾಹರಣೆ ಕೊಡುತ್ತೇನೆ. ಪಕ್ಕದಲ್ಲಿ ಕೂತವರಿಗೆ ಕೇಳಿಸದಷ್ಟು ಮೆಲ್ಲಗೆ ಅಗಿದರೂ ನಮ್ಮ ತಲೆಯೊಳಗೆ ಕರಕರ ಸದ್ದು ತುಂಬುತ್ತದಲ್ಲ, ಅದು ಬಂದದ್ದು ದವಡೆಯ ಮೂಳೆಯಿಂದ. ಇದನ್ನು ಅರ್ಥ ಮಾಡಿಕೊಳ್ಳದವರನ್ನು ನಾನು ಕಂಡಿಲ್ಲ.

3. 'ಪಾಸಿಟಿವ್' ಎಂಬ ಮಾತು ರೋಗಿಯ ಮುಂದೆ ಬೇಡ

ರಿನ್ನೆ ಪರೀಕ್ಷೆಯಲ್ಲಿ ಕವೆಯನ್ನು ಮೊದಲು ಕಿವಿಯ ಹಿಂದಿನ ಮೂಳೆಯ ಮೇಲೆ ಒತ್ತಿ ಹಿಡಿಯುತ್ತೇವೆ. ಸದ್ದು ನಿಂತಿತು ಎಂದಾಗ ಅದನ್ನೇ ಕಿವಿಯ ಮುಂದೆ ತರುತ್ತೇವೆ. ಇನ್ನೂ ಕೇಳುತ್ತದೆ ಅಂದರೆ ಗಾಳಿಯ ದಾರಿ ಮೂಳೆಯ ದಾರಿಗಿಂತ ಚೆನ್ನಾಗಿದೆ. ಕಿವಿ ಇರಬೇಕಾದದ್ದೇ ಹಾಗೆ. ಇದಕ್ಕೆ 'ರಿನ್ನೆ ಪಾಸಿಟಿವ್' ಎಂದು ಹೆಸರು.

ವೈದ್ಯಶಾಸ್ತ್ರದಲ್ಲಿ ಸಾಮಾನ್ಯವಾಗಿ ಪಾಸಿಟಿವ್ ಅಂದರೆ ರೋಗ ಇದೆ ಎಂದು, ಇಲ್ಲಿ ತಿರುಗುಮುರುಗು. ಒಮ್ಮೆ ನಾನು ಸಹಾಯಕಿಗೆ ಬರೆದುಕೊಳ್ಳಲು ಹೇಳುತ್ತ 'ಎರಡೂ ಕಡೆ ಪಾಸಿಟಿವ್' ಅಂದೆ. ಪಕ್ಕದಲ್ಲಿ ನಿಂತಿದ್ದ ರೋಗಿಯ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋಗಿಬಿಟ್ಟರು. ಕಾರಿಡಾರಿನಲ್ಲಿ ಅವರನ್ನು ಹುಡುಕಿ, ಗಂಡನ ಕಿವಿಯ ದಾರಿ ಸರಿಯಾಗಿಯೇ ಇದೆ ಎಂದು ಅರ್ಥಮಾಡಿಸುವುದಕ್ಕೆ ಇಪ್ಪತ್ತು ನಿಮಿಷ ಬೇಕಾಯಿತು. ಅವರಿಗೆ ಆದ ಆ ಸಂಕಟಕ್ಕೆ ನಾನೇ ಕಾರಣ. ಅವತ್ತಿನಿಂದ ರಿಪೋರ್ಟಿನಲ್ಲಿ ಹೆಸರು ಬರೆದರೂ ಬಾಯಲ್ಲಿ 'ಗಾಳಿಯ ದಾರಿ ಚೆನ್ನಾಗಿದೆ', 'ಮೂಳೆಯ ದಾರಿಯೇ ಚೆನ್ನಾಗಿದೆ' ಎಂದಷ್ಟೇ ಹೇಳುತ್ತೇನೆ.

4. ಒಂದು ಕಿವಿಯನ್ನು ಕೇಳುವಾಗ ಇನ್ನೊಂದನ್ನು ಸುಮ್ಮನಿರಿಸಿ

ಮಂಗನಬಾವು ಬಂದು ಹೋದ ಮೇಲೆ ಒಂದು ಕಿವಿ ಪೂರ್ತಿ ಹೋದ ಹಲವು ಮಕ್ಕಳನ್ನು ನಾನು ನೋಡಿದ್ದೇನೆ. ಇನ್ನೊಂದು ಕಿವಿ ಚೆನ್ನಾಗಿರುವುದರಿಂದ ಮನೆಯವರಿಗೆ ವರ್ಷಗಟ್ಟಲೆ ಗೊತ್ತಾಗುವುದೇ ಇಲ್ಲ. ಅಂಥ ಒಬ್ಬ ಹುಡುಗ, ಎಂಟನೇ ಕ್ಲಾಸು, 'ಕಿವಿಯ ಮೂಳೆ ಅಂಟಿಕೊಂಡಿದೆ, ಆಪರೇಷನ್ ಆಗಬೇಕು' ಎಂಬ ಚೀಟಿ ಹಿಡಿದು ಬಂದ. ಕವೆಯಿಂದ ನೋಡಿದರೆ ಬಲಗಿವಿಯಲ್ಲಿ ಮೂಳೆಯ ದಾರಿಯೇ ಚೆನ್ನಾಗಿದೆ ಎಂದು ಬರುತ್ತದೆ, ಅಂದರೆ ರಿನ್ನೆ ನೆಗೆಟಿವ್. ಚೀಟಿ ಬರೆದವರು ಅದನ್ನೇ ನಂಬಿದ್ದರು.

ಆದರೆ ಬಲಗಡೆಯ ಮೂಳೆಯ ಮೇಲಿಟ್ಟ ಕವೆಯ ಸದ್ದನ್ನು ಕೇಳುತ್ತಿದ್ದದ್ದು ಎಡಗಿವಿ. ಇಡೀ ತಲೆಬುರುಡೆ ಒಟ್ಟಿಗೆ ಕಂಪಿಸುತ್ತದೆ, ಮೂಳೆಗೆ ಎಡ ಬಲದ ಬೇಲಿ ಇಲ್ಲ. ಸತ್ತ ಕಿವಿಯ ಪರವಾಗಿ ಬದುಕಿರುವ ಕಿವಿ ಉತ್ತರ ಕೊಟ್ಟಿತ್ತು. ಎಡಗಿವಿಗೆ ಗದ್ದಲ ಕೊಟ್ಟು ಮತ್ತೆ ಕೇಳಿದಾಗ ಬಲಗಿವಿ ಏನನ್ನೂ ಕೇಳಲಿಲ್ಲ. ಆಪರೇಷನ್ ತಪ್ಪಿತು. ತರಗತಿಯಲ್ಲಿ ಅವನನ್ನು ಎಡಗಿವಿ ಮೇಷ್ಟ್ರ ಕಡೆಗೆ ಬರುವಂತೆ ಬಲಗೋಡೆಯ ಪಕ್ಕದ ಮುಂದಿನ ಬೆಂಚಿನಲ್ಲಿ ಕೂರಿಸಲು ಶಾಲೆಗೆ ಪತ್ರ ಬರೆದುಕೊಟ್ಟೆ.

ಒಂದು ಕಿವಿಗೆ ಗದ್ದಲ ಕೊಡಲು ಗಡಿಯಾರದಂತೆ ಕೀಲಿ ಕೊಡುವ ಒಂದು ಡಬ್ಬಿ ಇದೆ, ಬರಾನಿ ಬಾಕ್ಸ್. ಅದನ್ನು ಮಾಡಿದ ರಾಬರ್ಟ್ ಬರಾನಿ ವಿಯೆನ್ನಾದವನು. ಒಳಗಿವಿಯ ಸಮತೋಲದ ಅಂಗದ ಮೇಲೆ ಮಾಡಿದ ಕೆಲಸಕ್ಕೆ 1914ರ ನೊಬೆಲ್ ಬಂದಾಗ ಅವನು ಮೊದಲ ಮಹಾಯುದ್ಧದಲ್ಲಿ ರಷ್ಯನ್ನರ ಕೈಯಲ್ಲಿ ಯುದ್ಧಕೈದಿಯಾಗಿದ್ದ. ಇಂದಿನ ಆಡಿಯೋಮೀಟರಿನಲ್ಲಿ, ಅಂದರೆ ಕಿವಿ ಪರೀಕ್ಷೆಯ ಮಿಷನ್ನಿನಲ್ಲಿ, ಗದ್ದಲದ ಗುಂಡಿ ಒಳಗೇ ಇದೆ. ಅವಸರದಲ್ಲಿ ಅದನ್ನು ಒತ್ತದೆ ಬಿಡುವವರು ಮಾತ್ರ ಇಂದಿಗೂ ಇದ್ದಾರೆ.

5. ನಿಮ್ಮ ಕಿವಿಯನ್ನೂ ಪರೀಕ್ಷೆ ಮಾಡಿಸಿಕೊಳ್ಳಿ

ಬರ್ಲಿನ್ನಿನ ಡಾಗೊಬೆರ್ಟ್ ಶ್ವಾಬಾಖ್ 1885ರಲ್ಲಿ ಹೇಳಿದ ಪರೀಕ್ಷೆಯಲ್ಲಿ ರೋಗಿಯ ಮೂಳೆಯ ಕೇಳ್ಮೆಯನ್ನು ಪರೀಕ್ಷಕನ ಕೇಳ್ಮೆಗೆ ಹೋಲಿಸುತ್ತಾರೆ. ರೋಗಿಗೆ ಸದ್ದು ನಿಂತ ಮೇಲೂ ನನಗೆ ಕೇಳುತ್ತಿದ್ದರೆ ರೋಗಿಯ ಒಳಗಿವಿ ಸೋತಿದೆ ಎಂದು ಅರ್ಥ. ಇಲ್ಲಿ ಅಳತೆಗೋಲು ನನ್ನ ಕಿವಿಯೇ. ಐವತ್ತು ದಾಟಿದ ಮೇಲೆ ನನ್ನದೇ ಆಡಿಯೋಗ್ರಾಂ, ಅಂದರೆ ಕೇಳ್ಮೆಯ ನಕ್ಷೆ, ಮಾಡಿಸಿದೆ. ತಾರಸ್ಥಾಯಿಯ ಸದ್ದುಗಳಲ್ಲಿ ವಯಸ್ಸಿನ ಇಳಿತ ಶುರುವಾಗಿತ್ತು. ಅಳತೆಗೋಲು ಸವೆದ ಮೇಲೆ ಬಟ್ಟೆ ಅಳೆಯುವುದು ಸರಿಯಲ್ಲ. ಕಿರಿಯ ಸಹೋದ್ಯೋಗಿಗೆ ಆ ಪರೀಕ್ಷೆ ಬಿಟ್ಟುಕೊಟ್ಟೆ.

6. ಸೊನ್ನೆ ಅಂದರೆ ಸದ್ದೇ ಇಲ್ಲ ಎಂದಲ್ಲ

'ಆಡಿಯೋಮೀಟರ್' ಎಂಬ ಹೆಸರು ಹುಟ್ಟಿದ್ದು 1879ರ ಲಂಡನ್ನಿನಲ್ಲಿ. ಡೇವಿಡ್ ಹ್ಯೂಸ್ ಮಾಡಿದ ವಿದ್ಯುತ್ ಸಾಧನಕ್ಕೆ ವೈದ್ಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಇಟ್ಟ ಹೆಸರದು. ಅರ್ಧ ಲ್ಯಾಟಿನ್, ಅರ್ಧ ಗ್ರೀಕ್. ನಮ್ಮ ಜನರ ಬಾಯಲ್ಲಿ ಅದು 'ಕಿವಿ ಟೆಸ್ಟ್ ಮಿಷನ್'. ಕಿವಿಗೆ ಹಾಕುವ ಸಾಧನ 'ಕಿವಿ ಮಿಷನ್'. ಎರಡೂ ಮಿಷನ್ನೇ ಆದ್ದರಿಂದ ಟೆಸ್ಟಿಗೆ ಕೂತವರು 'ಈಗಲೇ ಮಿಷನ್ ಹಾಕಿಬಿಟ್ರಾ?' ಎಂದು ಗಾಬರಿಯಾಗುತ್ತಾರೆ. ಹೆಡ್‌ಫೋನ್ ಹಾಕುವ ಮೊದಲು ಈ ಒಂದು ಮಾತನ್ನು ಬಿಡಿಸಿ ಹೇಳುವುದು ನನ್ನ ರೂಢಿ.

ಇಂದಿನ ಆಡಿಯೋಮೀಟರಿನ ಮನೆತನ ಮಾತ್ರ ಟೆಲಿಫೋನಿನದು. 1922ರಲ್ಲಿ ಅಮೆರಿಕದ ಕಿವಿ ವೈದ್ಯ ಫೌಲರ್ ಮತ್ತು ಟೆಲಿಫೋನ್ ಕಂಪನಿಯ ವೆಗೆಲ್ ಸೇರಿ ನಿರ್ವಾತ ಕೊಳವೆಯ ಆಡಿಯೋಮೀಟರನ್ನು ತಂದರು. ಸದ್ದಿನ ಅಳತೆಯೂ ಟೆಲಿಫೋನಿನವರದೇ. ಮೊದಲು ಅವರು ತಂತಿಯಲ್ಲಿ ಸದ್ದು ಎಷ್ಟು ಸೊರಗುತ್ತದೆ ಎನ್ನುವುದನ್ನು 'ಇಷ್ಟು ಮೈಲಿ ಕೇಬಲ್' ಎಂದು ಎಣಿಸುತ್ತಿದ್ದರು. ಆಮೇಲೆ 1920ರ ದಶಕದಲ್ಲಿ ಹೊಸ ಮಾನ ಬಂತು, ಅದನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ಹೆಸರಿನಿಂದ ಡೆಸಿಬೆಲ್ ಎಂದು ಕರೆದರು. ಬೆಲ್‌ನ ತಾಯಿಗೆ ಕಿವಿ ಮಂದವಾಗಿತ್ತು, ಹೆಂಡತಿ ಮೇಬಲ್ ಚಿಕ್ಕಂದಿನಲ್ಲೇ ಜ್ವರ ಬಂದು ಕೇಳ್ಮೆ ಕಳೆದುಕೊಂಡವಳು. ಕಿವುಡುತನವನ್ನು ಮನೆಯೊಳಗೇ ಕಂಡವನ ಹೆಸರು ಕಿವುಡುತನದ ಅಳತೆಗೆ ಬಂದು ಕೂತಿದೆ.

ಆಡಿಯೋಗ್ರಾಂನಲ್ಲಿ ಗೆರೆ ಕೆಳಗಿಳಿದಷ್ಟೂ ಕೇಳ್ಮೆ ಕಡಿಮೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಜನ ಅಂಕೆ ನೋಡುತ್ತಾರೆ. 'ನನಗೆ 50 ಬಂದಿದೆ, ಅಂದರೆ ಅರ್ಧ ಕೇಳುತ್ತಲ್ವಾ?' ಎಂದು ಕೇಳುತ್ತಾರೆ. ಇದು ಶೇಕಡಾ ಲೆಕ್ಕವಲ್ಲ. 50 ಡೆಸಿಬೆಲ್ ಅಂದರೆ ಮಾಮೂಲಿ ದನಿಯ ಮಾತೇ ಕಷ್ಟಕ್ಕೆ ಬಿದ್ದಿದೆ ಎಂದು. ಸೊನ್ನೆ ಡೆಸಿಬೆಲ್ ಅಂದರೆ ಆರೋಗ್ಯದ ಎಳೆಯ ಕಿವಿಗಳು ಸರಾಸರಿಯಾಗಿ ಕೇಳಬಲ್ಲ ಅತಿ ಸಣ್ಣ ಸದ್ದು.

ಆ ಸೊನ್ನೆಯೂ ಆಕಾಶದಿಂದ ಬಿದ್ದದ್ದಲ್ಲ. 1935-36ರಲ್ಲಿ ಅಮೆರಿಕ ನಡೆಸಿದ ಆರೋಗ್ಯ ಸಮೀಕ್ಷೆಯ ಅಳತೆಗಳಿಂದ ಅಲ್ಲಿನ 1951ರ ಸೊನ್ನೆ ನಿಶ್ಚಯವಾಯಿತು. 1964ರಲ್ಲಿ ಅಂತರರಾಷ್ಟ್ರೀಯ ಮಾನ ಬಂದಾಗ ಸೊನ್ನೆ ಸುಮಾರು 10 ಡೆಸಿಬೆಲ್ ಸರಿಯಿತು. ಹಿಂದಿನ ದಿನ 30 ಎಂದಿದ್ದ ಕಿವಿ ಮರುದಿನ 40 ಆಯಿತು, ಕಿವಿಗೆ ಏನೂ ಆಗಿರಲಿಲ್ಲ. ಈ ಕಾರಣಕ್ಕೇ ನಾನು ಬೇರೆ ಬೇರೆ ಕಡೆಯ ಎರಡು ರಿಪೋರ್ಟುಗಳನ್ನು ಹೋಲಿಸುವಾಗ ಮೊದಲು ಕೇಳುವುದು ಮಿಷನ್ ಯಾವಾಗ ಕ್ಯಾಲಿಬ್ರೇಟ್ ಆಗಿದೆ ಎಂದು. ಕ್ಯಾಲಿಬ್ರೇಷನ್ ಇಲ್ಲದ ಮಿಷನ್, ತೂಕದ ಕಲ್ಲು ಸವೆದ ತಕ್ಕಡಿ. ಅದರ ಮೇಲೆ ಅಂಗವೈಕಲ್ಯದ ಪ್ರಮಾಣಪತ್ರ, ಅದರ ಮೇಲೆ ಒಬ್ಬರ ಪಿಂಚಣಿ ನಿಂತಿರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಸ್ಥಾಯಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಾದರೆ ಕಿವಿ ಮಂದ, 70 ಆದರೆ ಕಿವುಡು. ಐದು ಡೆಸಿಬೆಲ್ ಆಚೀಚೆಯಾದರೆ ಒಂದು ಮನೆಯ ಆದಾಯ ಆಚೀಚೆ.

7. ಮಾತಿನ ಪರೀಕ್ಷೆ ರೋಗಿಯ ಮನೆಮಾತಿನಲ್ಲೇ ಇರಲಿ

ಈ ಪಾಠದ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಪೀಂ ಪೀಂ ಸದ್ದು ಕೇಳುವುದು ಬೇರೆ, ಮಾತು ತಿಳಿಯುವುದು ಬೇರೆ. 'ಸದ್ದು ಕೇಳ್ತದೆ ಅಕ್ಕಾ, ಏನು ಹೇಳಿದ್ರು ಅಂತ ಗೊತ್ತಾಗಲ್ಲ' ಎಂಬ ಮಾತನ್ನು ನಾನು ಬಹುಶಃ ಪ್ರತಿದಿನ ಕೇಳಿದ್ದೇನೆ. ಅದಕ್ಕೇ ಪದಗಳನ್ನು ಹೇಳಿ, ಅವರಿಂದ ತಿರುಗಿ ಹೇಳಿಸುವ ಪರೀಕ್ಷೆ ಬೇಕು.

ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಪಾಂಡೀ' ಪದಗಳನ್ನು ಬಳಸುತ್ತಾರೆ. ಸ್ಪಾಂಡೀ ಅಂದರೆ ಗ್ರೀಕ್ ಛಂದಸ್ಸಿನ ಒಂದು ಗಣ, ನಮ್ಮ ಲೆಕ್ಕದಲ್ಲಿ ಎರಡು ಗುರು. ದೇವರಿಗೆ ಪಾನೀಯ ಅರ್ಪಿಸುವ ವಿಧಿಗೆ ಗ್ರೀಕರು ಇಟ್ಟ ಹೆಸರಿನಿಂದ ಬಂದ ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡ್‌ನ ಪ್ರಯೋಗಾಲಯದಲ್ಲಿ ಈ ಪದಪಟ್ಟಿಗಳ ಕೆಲಸ ನಡೆಯಿತು. 'ಏರ್‌ಪ್ಲೇನ್', 'ಬೇಸ್‌ಬಾಲ್', 'ಹಾಟ್‌ಡಾಗ್' ಮೊದಲಾದ ಪದಗಳು. ಯುದ್ಧದಿಂದ ಕಿವಿ ಕೆಡಿಸಿಕೊಂಡು ಬಂದ ಸೈನಿಕರನ್ನು ಪೆನ್ಸಿಲ್ವೇನಿಯಾದ ಆಸ್ಪತ್ರೆಯಲ್ಲಿ ನೋಡಿಕೊಂಡ ರೇಮಂಡ್ ಕಾರ್ಹಾರ್ಟ್ ಇಂಥ ಪರೀಕ್ಷೆಗಳನ್ನು ಕೇಳುವ ಸಾಧನದ ಆಯ್ಕೆಗೆ ಜೋಡಿಸಿದ. ಆಡಿಯಾಲಜಿ ಎಂಬ ನಮ್ಮ ಕಸುಬಿನ ಹೆಸರು ಚಾಲ್ತಿಗೆ ಬಂದದ್ದೂ ಆ ದಿನಗಳಲ್ಲೇ.

ಆ ಪಟ್ಟಿ ಅಮೆರಿಕದ ಸೈನಿಕನಿಗೆ ಸರಿ. ತೀರ್ಥಹಳ್ಳಿಯ ಅಜ್ಜಿಗೆ ಅದನ್ನು ಓದಿದರೆ ನಾವು ಅಳೆಯುವುದು ಅವರ ಕಿವಿಯನ್ನಲ್ಲ, ಅವರ ಶಾಲೆಯನ್ನು. ನಾನು ಕೆಲಸ ಶುರುಮಾಡಿದ ಕಾಲಕ್ಕೆ ಇಂಗ್ಲಿಷ್ ಪಟ್ಟಿಯನ್ನೇ ಓದಿ 'ಮಾತು ಗ್ರಹಿಕೆ ಬಹಳ ಕಡಿಮೆ' ಎಂದು ಬರೆದಿದ್ದ ರಿಪೋರ್ಟುಗಳನ್ನು ಕಂಡಿದ್ದೇನೆ.

ಕನ್ನಡದ ಪಟ್ಟಿ ಮಾಡುವುದಕ್ಕೆ ಕನ್ನಡದ ಕಿವಿಯೇ ಬೇಕು. ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಾಂಶದ ಪದಗಳು ರಾಶಿ ರಾಶಿ. ನಮ್ಮಲ್ಲಿ ಕೈ, ಹೂ, ಬಾ, ತಾ ಎಂದು ಬೆರಳಲ್ಲಿ ಎಣಿಸುವಷ್ಟು. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ, ದಿನಬಳಕೆಯವು ಎರಡು ಅಕ್ಷರಕ್ಕೆ ನಿಲ್ಲುತ್ತವೆ. ಆದ್ದರಿಂದ ಕನ್ನಡದ ಪಟ್ಟಿಗಳಲ್ಲಿ ಎರಡಕ್ಷರದ ಪದಗಳು ಬಂದವು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದ ನಡುವೆ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಈ ಕೆಲಸ ದಶಕಗಳಿಂದ ನಡೆದಿದೆ. ಕನ್ನಡಕ್ಕೆ ಸ್ವಂತ ಪದಪಟ್ಟಿ ಸಿಕ್ಕಿದ್ದು ನಮ್ಮ ನಾಡಿನ ವೈದ್ಯಕೀಯದಲ್ಲಿ ದೊಡ್ಡ ಸಂಗತಿ ಎಂದೇ ನಾನು ತಿಳಿದಿದ್ದೇನೆ.

ಪಟ್ಟಿ ಕೈಯಲ್ಲಿದ್ದರೂ ಎಚ್ಚರ ಬೇಕು. ನಾನು 'ಹಕ್ಕಿ' ಅಂದೆ, ಮಂಡ್ಯ ಕಡೆಯ ರೈತರೊಬ್ಬರು 'ಅಕ್ಕಿ' ಅಂದರು. ತಪ್ಪು ಎಂದು ಗುರುತು ಹಾಕಲು ಪೆನ್ನೆತ್ತಿದವಳು ನಿಲ್ಲಿಸಿ ಕೇಳಿದೆ, 'ಯಾವ ಅಕ್ಕಿ ಯಜಮಾನ್ರೇ?' 'ಆಕಾಸದಾಗೆ ಆರ್ತದಲ್ಲ, ಆ ಅಕ್ಕಿ.' ಅವರ ಕಿವಿ ಕೇಳಿದ್ದು ಹಕ್ಕಿಯನ್ನೇ, ನಾಲಗೆ ಅವರ ಊರಿನದು. ಶಾಲೆಗೆ ಸಾಲೆ ಅನ್ನುವವರಿಗೂ ಇದೇ ಮಾತು. ಒಳಗಿವಿ ಸೋತಾಗ ಮೊದಲು ಜಾರುವುದು ಸ, ಶ, ತ ಮೊದಲಾದ ತೆಳುವಾದ ವ್ಯಂಜನಗಳೇ ಆದ್ದರಿಂದ ಯಾವುದು ಕಿವಿಯ ತಪ್ಪು, ಯಾವುದು ಊರಿನ ನುಡಿ ಎಂದು ಬೇರ್ಪಡಿಸುವ ಹೊಣೆ ಪರೀಕ್ಷೆ ಮಾಡುವವರದು. ಪರೀಕ್ಷೆಗೆ ಮೊದಲು ಐದು ನಿಮಿಷ ಊರು, ಬೆಳೆ, ಮಕ್ಕಳ ಮಾತಾಡಿದರೆ ಅವರ ನುಡಿ ನಮ್ಮ ಕಿವಿಗೆ ಕೂರುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ ಆಡುವ ಮಕ್ಕಳಿಗೆ ಕನ್ನಡದ ಪಟ್ಟಿಯೂ ಪರಕೀಯವೇ. ಅವರಿಗೆ ಚಿತ್ರ ತೋರಿಸಿ, ತಾಯಿಯಿಂದ ಅವರ ಭಾಷೆಯ ಹೆಸರು ಕೇಳಿಕೊಂಡು ಮಾಡಿ.

8. ಮಗುವಿನ ವಿಷಯದಲ್ಲಿ ಒಂದೇ ಪರೀಕ್ಷೆಯ ಮೇಲೆ ತೀರ್ಪು ಬೇಡ

ಕೈ ಎತ್ತಲಾರದ ಕೂಸಿಗೆ ಎರಡು ಪರೀಕ್ಷೆ. ಒಂದಕ್ಕೆ ನಮ್ಮಲ್ಲಿ 'ಬೆರಾ' ಅನ್ನುತ್ತಾರೆ, ಅಮೆರಿಕದಲ್ಲಿ 'ಎಬಿಆರ್'. ಹೆಸರು ಎರಡಾದರೂ ವಸ್ತು ಒಂದೇ. ಮಲಗಿದ ಮಗುವಿನ ಕಿವಿಗೆ ಟಕಟಕ ಸದ್ದು ಕೊಟ್ಟು, ನರ ಮತ್ತು ಮಿದುಳಕಾಂಡದಲ್ಲಿ ಏಳುವ ಸಣ್ಣ ವಿದ್ಯುತ್ ಅಲೆಗಳನ್ನು ಹಿಡಿಯುವುದು. 1971ರಲ್ಲಿ ಜ್ಯುವೆಟ್ ಮತ್ತು ವಿಲಿಸ್ಟನ್ ಆ ಅಲೆಗಳಿಗೆ ರೋಮನ್ ಅಂಕೆಗಳನ್ನು ಕೊಟ್ಟರು. ನಾವು ಐದನೇ ಅಲೆಯನ್ನು ಹುಡುಕುವುದು ಆ ಎಣಿಕೆಯಲ್ಲೇ. ಎರಡು ಹೆಸರಿನ ದೆಸೆಯಿಂದ 'ಬೆರಾ ಆಗಿದೆ, ಈಗ ಎಬಿಆರ್ ಮಾಡಿಸಿ ಅಂದಿದ್ದಾರೆ' ಎಂದು ಮತ್ತೆ ದುಡ್ಡು ಹೊಂದಿಸಿಕೊಂಡು ಬಂದ ತಂದೆತಾಯಿಯನ್ನು ಕಂಡಿದ್ದೇನೆ. ಎರಡೂ ಒಂದೇ ಎಂದು ದಯವಿಟ್ಟು ಅವರಿಗೆ ಹೇಳಿ.

ಇನ್ನೊಂದು ಒಎಇ. ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಸಣ್ಣ ಸದ್ದು ಹೊರಡಿಸುತ್ತದೆ ಎಂದು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದ. ಕಿವಿಯೊಳಗಿನ ಕೂದಲ ಕೋಶಗಳ ಈ ಮರುದನಿಯನ್ನು ಹಿಡಿದರೆ ನವಜಾತ ಶಿಶುವಿನ ಒಳಗಿವಿಯ ಕ್ಷೇಮ ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ಆದರೆ ಹುಟ್ಟಿದ ಮೊದಲೆರಡು ದಿನ ಕಿವಿಯಲ್ಲಿ ದ್ರವ, ಕಸ ಇದ್ದರೆ ಮಿಷನ್ 'ರೆಫರ್' ಎನ್ನುತ್ತದೆ. ರೆಫರ್ ಅಂದರೆ ಫೇಲ್ ಅಲ್ಲ. 'ಮತ್ತೊಮ್ಮೆ ಬನ್ನಿ' ಎಂದು ಅದರ ಕನ್ನಡ. ಹಸಿ ಬಾಣಂತಿಗೆ ಆ ಚೀಟಿಯನ್ನು ಸುಮ್ಮನೆ ಕೈಗಿಟ್ಟು ಕಳಿಸಬೇಡಿ.

ಇದಕ್ಕೆ ತದ್ವಿರುದ್ಧದ ಮೋಸವೂ ಆಗಬಹುದು. ಕೂದಲ ಕೋಶ ಚೆನ್ನಾಗಿದ್ದು ನರದ ಹೊಂದಾಣಿಕೆ ಕೆಟ್ಟಿದ್ದರೆ ಒಎಇ 'ಪಾಸ್' ಎನ್ನುತ್ತದೆ, ಮಗುವಿಗೆ ಮಾತು ತಿಳಿಯುವುದಿಲ್ಲ. ಇದಕ್ಕೆ ಆಡಿಟರಿ ನ್ಯೂರೋಪಥಿ ಎಂಬ ಹೆಸರು ಬಂದದ್ದೇ 1996ರಲ್ಲಿ. ಅದಕ್ಕೆ ಮೊದಲು ಇಂಥ ಮಕ್ಕಳನ್ನು ಹಟಮಾರಿ, ಮಂದಬುದ್ಧಿ ಎಂದು ಎಷ್ಟು ಕಡೆ ಕರೆದರೋ. ಈ ಅಪಾಯ ಇರುವುದರಿಂದ ಕಾಮಾಲೆ ಹೆಚ್ಚಾಗಿ ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸುಗಳಿಗೆ ಒಎಇ ಪಾಸಾದರೂ ಬೆರಾ ಮಾಡಿಸಲೇಬೇಕು.

9. 'ಸುಳ್ಳು ಹೇಳುತ್ತಿದ್ದಾರೆ' ಎಂಬುದು ಕಟ್ಟಕಡೆಯ ಮಾತಾಗಿರಲಿ

ಕೇಳಿದರೂ ಕೇಳುವುದಿಲ್ಲ ಎನ್ನುವವರನ್ನು ಪತ್ತೆಮಾಡಲು ಪರೀಕ್ಷೆಗಳಿವೆ. ಜರ್ಮನಿಯ ಸ್ಟೆಂಗರ್‌ನದು ಒಂದು. ಎರಡೂ ಕಿವಿಗೆ ಒಂದೇ ಸ್ವರ ಕೊಟ್ಟರೆ ಜೋರಾಗಿರುವ ಕಡೆಯದಷ್ಟೇ ಅರಿವಿಗೆ ಬರುತ್ತದೆ ಎಂಬ ತತ್ವದ ಮೇಲೆ ನಿಂತದ್ದು. ಪ್ಯಾರಿಸ್ಸಿನ ಲೊಂಬಾರ್ 1911ರಲ್ಲಿ ಬರೆದದ್ದು ಇನ್ನೊಂದು. ಗದ್ದಲ ಕೇಳಿಸಿದವನು ತಿಳಿಯದೆಯೇ ದನಿ ಎತ್ತರಿಸುತ್ತಾನೆ. ಜಾತ್ರೆಯಲ್ಲಿ ಮಾತಾಡುವ ಎಲ್ಲರೂ ಅದನ್ನು ಮಾಡುತ್ತಾರೆ.

ಇವು ಬೇಕಾದ ಪರೀಕ್ಷೆಗಳೇ. ಆದರೆ ಹತ್ತು ವರ್ಷದ ಹುಡುಗಿಯೊಬ್ಬಳು ಏನೂ ಕೇಳುವುದಿಲ್ಲ ಎಂದು ಕೂತಾಗ, ಬೆರಾ ಎಲ್ಲ ಸರಿ ಇದೆ ಎಂದಾಗ, ಅಪ್ಪ ಹೊಡೆಯಲು ಕೈ ಎತ್ತಿದರು. ಅವರನ್ನು ಹೊರಗೆ ಕೂರಿಸಿ ಮಗುವಿನ ಜೊತೆ ಒಂದು ಗಂಟೆ ಕಳೆದೆ. ಶಾಲೆಯಲ್ಲಿ ಅವಳನ್ನು ದಿನವೂ ಎಲ್ಲರೆದುರು ನಿಲ್ಲಿಸಿ ಹೀಯಾಳಿಸುತ್ತಿದ್ದರು. ಕಿವಿ ಮುಚ್ಚಿಕೊಳ್ಳುವುದು ಅವಳಿಗೆ ಸಿಕ್ಕ ಒಂದೇ ದಾರಿ. ಸ್ಟೆಂಗರ್ ಪರೀಕ್ಷೆ ಆ ಶಾಲೆಯ ಹೆಸರನ್ನು ಹೇಳಲಾರದು. ಅದು ಹೇಳುವುದು ಕಿವಿ ಸರಿ ಇದೆ ಎಂದಷ್ಟೇ. ಉಳಿದದ್ದನ್ನು ಕೂತು ಕೇಳಬೇಕು.

10. ತಟ್ಟೆ ಬಡಿದು ನೋಡುವುದನ್ನು ನಿಲ್ಲಿಸಿ

ಮಗುವಿನ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬಡಿಯುವುದು, ಬಾಗಿಲು ಧಡ್ ಎನ್ನಿಸುವುದು, ಇದು ನಮ್ಮ ಮನೆಗಳ ಪರೀಕ್ಷೆ. ಮಗು ತಿರುಗಿದರೆ ಅಜ್ಜಿ 'ಕೇಳ್ತದೆ ಬಿಡಿ, ಇವರಪ್ಪನೂ ತಡವಾಗಿಯೇ ಮಾತಾಡಿದ್ದು' ಎಂದು ಸಮಾಧಾನ ಹೇಳುತ್ತಾರೆ. ಅಜ್ಜಿಯ ಪ್ರೀತಿ ನಿಜ, ಪರೀಕ್ಷೆ ಸರಿಯಲ್ಲ. ನೆಲದ ಅದುರಿಗೆ, ಗಾಳಿಯ ಬಡಿತಕ್ಕೆ, ನೆರಳಿಗೆ, ಎದುರು ಕೂತ ತಾಯಿಯ ಕಣ್ಣಿಗೆ ಮಗು ತಿರುಗಿರುತ್ತದೆ. ಬಡಿತದಂಥ ಭಾರಿ ಸದ್ದು ಕೇಳಿದರೂ ಮಾತಿನ ಸದ್ದು ಕೇಳದಿರಬಹುದು.

ಮನೆಯಲ್ಲಿ ಮಾಡಲೇಬೇಕೆಂದಿದ್ದರೆ ಡೇನಿಯಲ್ ಲಿಂಗ್ ಹೇಳಿದ ಆರು ಸದ್ದುಗಳಿವೆ: ಆ, ಈ, ಊ, ಮ್, ಶ್, ಸ್. ಮಾತಿನ ತಗ್ಗಿನಿಂದ ಎತ್ತರದವರೆಗಿನ ಸ್ಥಾಯಿಗಳು ಈ ಆರರಲ್ಲಿ ಬಂದುಹೋಗುತ್ತವೆ. ಕಿವಿ ಮಿಷನ್ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದ ಮಕ್ಕಳ ತಾಯಂದಿರು ದಿನಾ ಬೆಳಗ್ಗೆ ಬಾಯಿ ಮರೆಮಾಡಿಕೊಂಡು ಇವನ್ನು ಹೇಳಿ ನೋಡಬೇಕು. ನಿನ್ನೆ ಕೇಳಿದ 'ಸ್' ಇಂದು ಕೇಳದಿದ್ದರೆ ಮಿಷನ್ನಿನ ಸೆಲ್ಲೋ, ಕಿವಿಯ ಶೀತವೋ, ಏನೋ ಒಂದು ಇದೆ. ಆದರೆ ಇದು ಆಸ್ಪತ್ರೆಯ ಪರೀಕ್ಷೆಗೆ ಬದಲಿ ಅಲ್ಲ.

ಹೊಸದಾಗಿ ತಾಯ್ತಂದೆಯರಾದವರಲ್ಲಿ ನನ್ನ ಬೇಡಿಕೆ ಇಷ್ಟು. ಹುಟ್ಟಿದ ಒಂದು ತಿಂಗಳೊಳಗೆ ಮಗುವಿನ ಕಿವಿಯ ಮೊದಲ ಪರೀಕ್ಷೆ ಮಾಡಿಸಿ. ಅನುಮಾನ ಬಂದರೆ ಮೂರು ತಿಂಗಳೊಳಗೆ ಪೂರ್ತಿ ತಪಾಸಣೆ ಮುಗಿಸಿ, ಆರು ತಿಂಗಳೊಳಗೆ ಮಿಷನ್, ತರಬೇತಿ ಶುರುವಾಗಲಿ. ರಿಪೋರ್ಟಿನ ಪ್ರತಿಯನ್ನು ಮಗುವಿನ ಲಸಿಕೆ ಕಾರ್ಡಿನ ಜೊತೆ ಇಡಿ. ಕೋಣೆಯಿಂದ ಹೊರಗೆ ಬರುವ ಮೊದಲು ಪರೀಕ್ಷೆ ಮಾಡಿದವರನ್ನು ನನ್ನ ಆ ಹಿರಿಯರು ಕೇಳಿದ ಹಾಗೆ ಕೇಳಿ: ಈ ಪರೀಕ್ಷೆ ಏನು ಕೇಳಿತು, ನನ್ನ ಮಗುವಿನ ಕಿವಿ ಏನು ಹೇಳಿತು? ಉತ್ತರ ಕನ್ನಡದಲ್ಲಿ ಸಿಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.